ಸುಖದ ನಡುವೆ ಅರತಿ

ಉಣ್ಣಲು ಇಲ್ಲದವನು ಅತ್ತರೆ ಲೋಕಕ್ಕೆ ಅರ್ಥವಾಗುತ್ತದೆ. ಉಂಡುಟ್ಟು ನೆಮ್ಮದಿಯಾಗಿರಬೇಕಾದವನು ಅತ್ತರೆ ಯಾರಿಗೂ ಅರ್ಥವಾಗುವುದಿಲ್ಲ. ಮನೆಯವರಿಗಿರಲಿ, ಅಳುವವನಿಗೇ ಅದು ತಿಳಿಯದು. ಆದುದರಿಂದ ಅವನು ತನ್ನ ದುಃಖಕ್ಕೆ ನಾಚಿಕೆಯನ್ನೂ ಸೇರಿಸಿಕೊಂಡು ಎರಡು ಪಟ್ಟು ನೋಯುತ್ತಾನೆ. ಎಲ್ಲ ಅನುಕೂಲಗಳ ನಡುವೆ ಹುಟ್ಟುವ ಈ ಖಿನ್ನತೆ ಏನು? ಅದು ಕೃತಘ್ನತೆಯೋ, ವೈರಾಗ್ಯವೋ, ವ್ಯಾಧಿಯೋ? ಅದಕ್ಕೆ ಉಪವಾಸವು ಔಷಧವಾದೀತೇ? ವ್ರತನಿಯಮಗಳನ್ನು ಆಚರಿಸುವ ಶ್ರಾವಕರ ಮನೆಗಳಲ್ಲಿ ಈ ಪ್ರಶ್ನೆಗಳನ್ನು ಕೇಳಲೇಬೇಕಾಗಿದೆ.

ಧಾರವಾಡ ಜಿಲ್ಲೆಯ ಕುಂದಗೋಳ ತಾಲೂಕಿನ ಯರಗುಪ್ಪಿಯ ಸೀಮೆ ಎರೆನೆಲದ್ದು. ಹತ್ತಿ, ಒಣಮೆಣಸಿನಕಾಯಿ, ಕಡಲೆ, ಜೋಳ ಇವುಗಳ ಮೇಲೆ ಅಲ್ಲಿಯ ಬಾಳುವೆ ನಿಂತಿದೆ. ಅಂಥ ಊರಿನ ಒಬ್ಬ ಗೃಹಸ್ಥನನ್ನು ದೃಷ್ಟಾಂತಕ್ಕಾಗಿ ಕಲ್ಪಿಸಿಕೊಳ್ಳಬಹುದು. ಅವನಿಗೆ ಸಾಲವಿಲ್ಲದ ಹೊಲವಿದೆ, ಹೊಸದಾಗಿ ಕಟ್ಟಿಸಿದ ಮನೆಯಿದೆ. ಮಗನು ಓದಿ ನೌಕರಿ ಹಿಡಿದಿದ್ದಾನೆ, ಮಗಳು ಒಳ್ಳೆಯ ಮನೆ ಸೇರಿದ್ದಾಳೆ. ಆದರೆ ನಸುಕಿನಲ್ಲಿಯೇ ಎಚ್ಚರವಾದ ಅವನಿಗೆ ಹಾಸಿಗೆ ಬಿಟ್ಟೇಳಲು ಮನಸ್ಸಾಗದು. ಹೊಲಕ್ಕೆ ಹೋದರೆ ಬದುವಿನ ಮೇಲೆ ಸುಮ್ಮನೆ ಕುಳಿತು ಹಿಂದಿರುಗುತ್ತಾನೆ. ಜಿನಬಿಂಬದೆದುರು ಕೈಗಳು ಮುಗಿಯುತ್ತವೆ, ಚಿತ್ತವು ಎಲ್ಲಿಯೂ ನಿಲ್ಲದು. ವಯಸ್ಸಾದ ತಾಯಿ ಕೇಳುತ್ತಾಳೆ: “ನಿನಗೇನ ಕಡಿಮಿ ಆಗೇತೆಪಾ?” ಅವನಲ್ಲಿ ಉತ್ತರವಿಲ್ಲ, ಏಕೆಂದರೆ ಕಡಿಮೆಯಾದುದು ಏನೂ ಇಲ್ಲ.

ಇಂಥವನನ್ನು ಕಂಡು ಒಬ್ಬರು, ‘ಪುಣ್ಯದಿಂದ ಬಂದುದನ್ನು ಅನುಭವಿಸಲು ಬಾರದವನು’ ಎನ್ನುತ್ತಾರೆ. ಮತ್ತೊಬ್ಬರು, ‘ವೈರಾಗ್ಯ ಮೂಡುತ್ತಿದೆ, ಒಳ್ಳೆಯ ಲಕ್ಷಣ’ ಎನ್ನುತ್ತಾರೆ. ಮೂರನೆಯವರು, ‘ಉಪವಾಸಗಳನ್ನು ಹೆಚ್ಚಿಸು, ಕರ್ಮ ಕಳೆಯುತ್ತದೆ’ ಎಂದು ಉಪದೇಶಿಸುತ್ತಾರೆ. ಅಷ್ಟಮಿ ಚತುರ್ದಶಿಗಳಲ್ಲಿ ಏಕಾಶನ ಮಾಡುತ್ತಿದ್ದವನು ಆಗ ನಿರಾಹಾರಕ್ಕೆ ತೊಡಗುತ್ತಾನೆ. ಒಂದು ದಿನದ್ದು ಎರಡಾಗುತ್ತದೆ, ಎರಡು ಮೂರಾಗುತ್ತದೆ. ಪಾರಣೆಯ ದಿನವೂ ತಟ್ಟೆಯಲ್ಲಿ ಅನ್ನ ಉಳಿಯುತ್ತದೆ. ಮನೆಯವರು ಅವನ ತಪಸ್ಸನ್ನು ಕಂಡು ಹೆಮ್ಮೆಪಡುತ್ತಾರೆ. ಅವನು ಮುಳುಗುತ್ತಿರುವುದನ್ನು ಯಾರೂ ಗುರುತಿಸುವುದಿಲ್ಲ.

ಮೊದಲು ಕೃತಘ್ನತೆಯ ಆರೋಪವನ್ನು ವಿಚಾರಿಸಬೇಕು. ಅನುಕೂಲಗಳಿದ್ದ ಮೇಲೆ ಉಲ್ಲಾಸವೂ ಇರಬೇಕೆಂಬ ಲೆಕ್ಕಾಚಾರ ಅದರ ಹಿಂದಿದೆ. ಕರ್ಮಸಿದ್ಧಾಂತವು ಈ ಲೆಕ್ಕವನ್ನು ಒಪ್ಪುವುದಿಲ್ಲ. ತತ್ತ್ವಾರ್ಥಸೂತ್ರದ ಎಂಟನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಎಂಟು ಮೂಲಪ್ರಕೃತಿಗಳನ್ನು ಹೇಳುವಾಗ ವೇದನೀಯವನ್ನು ಬೇರೆಯಾಗಿಯೂ ಮೋಹನೀಯವನ್ನು ಬೇರೆಯಾಗಿಯೂ ಎಣಿಸಿದ್ದಾರೆ. ದೇಹಸುಖ, ಅನುಕೂಲಗಳ ಅನುಭವ ಇವು ಸಾತವೇದನೀಯದ ಉದಯಕ್ಕೆ ಸೇರಿದವು. ರತಿ, ಅರತಿ, ಶೋಕ, ಭಯ ಇವು ಚಾರಿತ್ರಮೋಹನೀಯದ ಒಂಬತ್ತು ನೋಕಷಾಯಗಳಲ್ಲಿ ಸೇರಿದವು. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ರತಿಯನ್ನು ವಿವರಿಸುವಾಗ, ಸ್ಥಳ ಮೊದಲಾದವುಗಳಲ್ಲಿ ಮನಸ್ಸಿಗುಂಟಾಗುವ ಔತ್ಸುಕ್ಯವೆಂದೂ ಅದಕ್ಕೆ ವಿಪರೀತವಾದುದು ಅರತಿಯೆಂದೂ ತಿಳಿಸಿದ್ದಾರೆ. ಎಷ್ಟು ನಿಖರವಾದ ಮಾತಿದು! ಯರಗುಪ್ಪಿಯ ಗೃಹಸ್ಥನು ಕಳೆದುಕೊಂಡಿರುವುದು ಈ ಔತ್ಸುಕ್ಯವನ್ನೇ. ಹೊಲವಿದೆ, ಹೊಲದ ಮೇಲಿನ ಹುರುಪಿಲ್ಲ. ಒಂದು ಕರ್ಮವು ಒಳಿತನ್ನು ಕೊಡುತ್ತಿರುವಾಗಲೇ ಮತ್ತೊಂದು ಕರ್ಮವು ಮನಸ್ಸನ್ನು ಕುಗ್ಗಿಸಬಹುದು. ಇದರಲ್ಲಿ ಅಸಂಬದ್ಧವೇನೂ ಇಲ್ಲ, ಅವನ ನಡತೆಯ ದೋಷವೂ ಇಲ್ಲ.

ಇದಕ್ಕೆ ಪುರಾಣದ ಸಾಕ್ಷಿ ಬೇಕಾದರೆ ದೂರ ಹೋಗಬೇಕಾದುದಿಲ್ಲ. ಯರಗುಪ್ಪಿಯಿರುವ ಈ ಜಿಲ್ಲೆಯದೇ ಆದ ಅಣ್ಣಿಗೇರಿ ಆದಿಕವಿ ಪಂಪನ ತಾಯಿಯ ತವರಿಗೆ ಸಂಬಂಧಿಸಿದ ಊರು. ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳಾದ ಅಬ್ಬಣಬ್ಬೆಯೇ ಪಂಪನ ತಾಯಿಯೆಂಬುದು ಅವನ ತಮ್ಮ ಜಿನವಲ್ಲಭನ ಗಂಗಾಧರಂ ಶಾಸನದಿಂದ ತಿಳಿದುಬಂದಿದೆ. ಪಂಪನು 941ರಲ್ಲಿ ಪೂರ್ಣಗೊಳಿಸಿದ ಆದಿಪುರಾಣಕ್ಕೆ ಆಧಾರ ಜಿನಸೇನಾಚಾರ್ಯರ ಸಂಸ್ಕೃತ ಪುರಾಣ. ಜಿನಸೇನರು ಬಿಟ್ಟುಹೋದ ಮಹಾಪುರಾಣವನ್ನು ಶಿಷ್ಯ ಗುಣಭದ್ರರು ಮುಗಿಸಿದರು. 898ರಲ್ಲಿ ಅದು ಪೂಜೆಗೊಂಡುದು ಕುಂದಗೋಳ ಸೀಮೆಗೆ ಹತ್ತಿರವೇ ಇರುವ ಬಂಕಾಪುರದಲ್ಲಿ. ಲಲಿತಾಂಗದೇವನ ಕಥೆ ಹೀಗೆ ಈ ನೆಲಕ್ಕೆ ಸಾವಿರ ವರ್ಷಗಳಿಗೂ ಮಿಕ್ಕಿ ಪರಿಚಿತವಾದುದು.

ವೃಷಭಸ್ವಾಮಿಯ ಪೂರ್ವಭವಗಳಲ್ಲೊಂದು ಲಲಿತಾಂಗನದು. ಐಶಾನಕಲ್ಪ, ಶ್ರೀಪ್ರಭವಿಮಾನ, ಪ್ರಿಯೆ ಸ್ವಯಂಪ್ರಭೆ, ಅವನಿಗೆ ಯಾವುದಕ್ಕೂ ಕೊರತೆಯಿರಲಿಲ್ಲ. ಆಯುಷ್ಯದಲ್ಲಿ ಆರು ತಿಂಗಳು ಉಳಿದಿರುವಾಗ ಕೊರಳಿನ ಮಾಲೆ ಬಾಡಿತು, ಮೈಕಾಂತಿ ಮಾಸಿತು. ವಿಮಾನವೂ ಭೋಗಗಳೂ ಇದ್ದಂತೆಯೇ ಇದ್ದವು, ಆದರೂ ಅವನು ಶೋಕದಲ್ಲಿ ಮುಳುಗಿದನು. ಸ್ವರ್ಗದ ಸಂಪತ್ತೇ ಮನಸ್ಸನ್ನು ಎತ್ತಿಹಿಡಿಯಲಾರದೆ ಹೋದಾಗ ಎರೆಹೊಲ, ಹೊಸಮನೆಗಳು ಎತ್ತಿಹಿಡಿದಾವೆಂದು ನಂಬುವುದು ಹೇಗೆ?

ಇಲ್ಲಿ ಒಂದು ಆಕ್ಷೇಪ ಏಳಬಹುದು. ಲಲಿತಾಂಗನ ಮಾಲೆ ಬಾಡಿತ್ತು, ಅಗಲಿಕೆ ಎದುರಿಗೆ ನಿಂತಿತ್ತು. ಅವನ ಶೋಕಕ್ಕೆ ಕಾರಣವಿತ್ತು. ಗೃಹಸ್ಥನ ಮಾಲೆ ಬಾಡಿಲ್ಲವಲ್ಲ! ಆಕ್ಷೇಪ ಸರಿಯಾದುದೇ. ಆದರೆ ಹೊರಗಿನ ನಿಮಿತ್ತವು ಕಾಣದಿದ್ದ ಮಾತ್ರಕ್ಕೆ ಒಳಗಿನ ಕಾರಣವು ಇಲ್ಲವೆಂದಾಗದು. ಜ್ವರವು ಹೇಗೆ ಬಂದಿತೆಂದು ತಿಳಿಯದಿದ್ದರೂ ಮೈ ಸುಡುವುದು ಸುಳ್ಳಾಗುವುದಿಲ್ಲ. ಇಂದಿನ ವೈದ್ಯರೂ ಇದನ್ನೇ ಹೇಳುತ್ತಾರೆ. ಎರಡು ವಾರಗಳಿಗೂ ಮಿಕ್ಕಿ ಹೆಚ್ಚುಕಡಿಮೆ ದಿನವಿಡೀ ಮನಸ್ಸು ಕುಗ್ಗಿರುವುದು, ಯಾವುದರಲ್ಲಿಯೂ ಆಸಕ್ತಿಯಿಲ್ಲದಿರುವುದು, ನಿದ್ರೆ ಕೆಡುವುದು, ಹಸಿವು ಮಾಯವಾಗುವುದು, ತಾನು ಯಾತಕ್ಕೂ ಬಾರದವನೆಂಬ ಭಾವನೆ ಇವೆಲ್ಲ ಕೂಡಿ ಬಂದರೆ ಅದು ಚಿಕಿತ್ಸೆ ಬೇಡುವ ಖಿನ್ನತೆಯ ರೋಗ. ಅದು ಬಡವರಿಗೂ ಬರುತ್ತದೆ, ಸಿರಿವಂತರಿಗೂ ಬರುತ್ತದೆ.

ಇನ್ನು ವೈರಾಗ್ಯದ ಮಾತು. ಅರತಿಯೂ ವೈರಾಗ್ಯವೂ ದೂರದಿಂದ ಒಂದೇ ತೆರನಾಗಿ ಕಾಣುತ್ತವೆ. ಎರಡರಲ್ಲಿಯೂ ಭೋಗದ ಕಡೆಗೆ ಬೆನ್ನು ತಿರುಗಿರುತ್ತದೆ. ಆದರೆ ನೀಲಾಂಜನೆಯ ನೃತ್ಯಪ್ರಸಂಗವನ್ನು ನೆನೆಯಬೇಕು. ಆಕೆ ಕಣ್ಣೆದುರೇ ಕಣ್ಮರೆಯಾದುದನ್ನು ಕಂಡ ವೃಷಭದೇವನು ಮೂಲೆ ಹಿಡಿದು ಕುಳಿತವನಲ್ಲ. ಭರತ ಬಾಹುಬಲಿಗಳಿಗೆ ರಾಜ್ಯಭಾರವನ್ನು ಒಪ್ಪಿಸಿ, ಮಾಡಬೇಕಾದುದನ್ನೆಲ್ಲ ಕ್ರಮವಾಗಿ ಮಾಡಿ ಹೊರಟನು. ವೈರಾಗ್ಯವು ಚಿತ್ತವನ್ನು ತಿಳಿಯಾಗಿಸಿ ದಾರಿ ತೋರಿಸುತ್ತದೆ. ಅರತಿಯು ಚಿತ್ತವನ್ನು ಕದಡಿ ದಾರಿಯನ್ನೇ ಮರೆಮಾಡುತ್ತದೆ. ಸಮ್ಯಗ್ದೃಷ್ಟಿಯ ಗುರುತುಗಳೆಂದು ಆಚಾರ್ಯರು ಪ್ರಶಮ, ಸಂವೇಗ, ಅನುಕಂಪೆ, ಆಸ್ತಿಕ್ಯ ಎಂಬ ನಾಲ್ಕನ್ನು ಹೇಳಿದ್ದಾರೆ. ಸಂವೇಗದ ಪಕ್ಕದಲ್ಲಿಯೇ ಅನುಕಂಪೆ ನಿಂತಿರುವುದನ್ನು ಗಮನಿಸಬೇಕು. ವಿರಕ್ತನ ಮನಸ್ಸು ಇತರ ಜೀವಿಗಳ ಕಡೆಗೆ ತೆರೆದಿರುತ್ತದೆ. ಖಿನ್ನನಾದವನಿಗೆ ಮೊಮ್ಮಗುವಿನ ಅಳುವೂ ದೂರದ ಸದ್ದಾಗಿ ಕೇಳುತ್ತದೆ. ಅವನನ್ನು ವಿರಕ್ತನೆಂದು ಹೊಗಳುವುದು ಜ್ವರದ ಕೆಂಪನ್ನು ಮುಖದ ಕಳೆಯೆಂದು ಹೊಗಳಿದಂತೆ.

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಉಪವಾಸದ್ದು. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ದುಃಖ, ಶೋಕ, ತಾಪ, ಆಕ್ರಂದನ ಮೊದಲಾದವನ್ನು ತನ್ನಲ್ಲಾಗಲಿ ಪರರಲ್ಲಾಗಲಿ ಉಂಟುಮಾಡುವುದು ಅಸಾತವೇದನೀಯದ ಆಸ್ರವಕ್ಕೆ ಕಾರಣವೆಂದು ಹೇಳಿದೆ. ಹಾಗಾದರೆ ಉಪವಾಸ, ಕೇಶಲೋಚಗಳಿಂದ ತನಗೇ ನೋವನ್ನುಂಟುಮಾಡಿಕೊಳ್ಳುವುದೂ ಪಾಪವಾಗಬೇಡವೇ ಎಂಬ ಶಂಕೆಯನ್ನು ಪೂಜ್ಯಪಾದರೇ ಎತ್ತಿ ಸಮಾಧಾನ ಹೇಳಿದ್ದಾರೆ. ಮುನಿಯ ಹುಣ್ಣನ್ನು ಕರುಣೆಯಿಂದ ಕೊಯ್ಯುವ ವೈದ್ಯನು ನೋವನ್ನುಂಟುಮಾಡಿದರೂ ಪಾಪಕ್ಕೆ ಗುರಿಯಾಗುವುದಿಲ್ಲ. ಹಾಗೆಯೇ ಸಂಸಾರದುಃಖದಿಂದ ಬಿಡುಗಡೆ ಬಯಸಿ, ಸಂಕ್ಲೇಶವಿಲ್ಲದೆ ಶಾಸ್ತ್ರೋಕ್ತ ಕ್ರಿಯೆಯಲ್ಲಿ ತೊಡಗಿದವನಿಗೂ ಪಾಪಬಂಧವಿಲ್ಲ. ಇದರ ಮಥಿತಾರ್ಥ ಸ್ಪಷ್ಟವಾಗಿದೆ. ಉಪವಾಸವನ್ನು ತಪಸ್ಸಾಗಿಸುವುದು ಹಸಿವಿನ ನೋವಲ್ಲ, ಅದನ್ನು ಕೈಗೊಂಡ ಪರಿಣಾಮದ ನಿರ್ಮಲತೆ. ತನ್ನ ಮೇಲೆ ತಾನೇ ಮುನಿದು, ‘ನನಗೆ ಇದೇ ತಕ್ಕ ಶಿಕ್ಷೆ’ ಎಂದು ಅನ್ನ ಬಿಟ್ಟವನ ಪರಿಣಾಮವು ಆ ವೈದ್ಯನದಾಗುವುದಿಲ್ಲ, ಹುಣ್ಣನ್ನು ಕೆರೆಯುವವನದಾಗುತ್ತದೆ.

ಇನ್ನೂ ಒಂದು ಸೂಕ್ಷ್ಮವಿದೆ. ತ್ಯಾಗವೆಂದರೆ ಬೇಕೆನಿಸುವುದನ್ನು ಅರಿತು ಬಿಡುವುದು. ಹಸಿವೆಯೇ ಸತ್ತವನು ಅನ್ನವನ್ನು ಬಿಟ್ಟರೆ ಬಿಟ್ಟದ್ದಾದರೂ ಏನನ್ನು? ಅಲ್ಲಿ ಅನಶನವಿಲ್ಲ, ಇರುವುದು ಅನಾರೋಗ್ಯ. ಪ್ರೋಷಧೋಪವಾಸದ ಅತಿಚಾರಗಳಲ್ಲಿ ಅನಾದರವೂ ಒಂದೆಂದು ಸೂತ್ರಕಾರರು ಎಣಿಸಿದ್ದಾರೆ; ಉತ್ಸಾಹವಿಲ್ಲದ ಆಚರಣೆಯು ವ್ರತಕ್ಕೆ ಕಲೆ. ತೀರ್ಥಂಕರತ್ವಕ್ಕೆ ಕಾರಣವಾದ ಹದಿನಾರು ಭಾವನೆಗಳಲ್ಲಿ ತಪಸ್ಸನ್ನು ಹೇಳುವಾಗಲೂ ‘ಶಕ್ತಿಗನುಸಾರವಾಗಿ’ ಎಂಬ ವಿಶೇಷಣವನ್ನು ಬಿಟ್ಟಿಲ್ಲ. ಖಿನ್ನತೆಯ ಕಾಲದಲ್ಲಿ ಶಕ್ತಿ ಕಡಿಮೆ. ಆಗ ನಿಯಮಿತವಾಗಿ ಉಂಡು, ಔಷಧಿಯನ್ನು ತಪ್ಪದೆ ತೆಗೆದುಕೊಂಡು, ಹೊತ್ತಿಗೆ ಸರಿಯಾಗಿ ಮಲಗಿ, ಸಂಜೆ ಒಂದು ಗಳಿಗೆ ಬಸದಿಯಲ್ಲಿ ಕುಳಿತು ಬರುವುದೇ ಆ ಶ್ರಾವಕನ ಶಕ್ತಿಗೆ ತಕ್ಕ ನಿಯಮವಾಗಬಹುದು. ಚೇತರಿಸಿಕೊಂಡ ಮೇಲೆ ಬರುವ ಅಷ್ಟಮಿಗಳು ಬೇಕಾದಷ್ಟಿವೆ.

ಕತ್ತಲೆ ದಟ್ಟವಾದಾಗ ಕೆಲವರ ನಾಲಗೆಯಲ್ಲಿ ಸಲ್ಲೇಖನದ ಹೆಸರೂ ಬರುವುದುಂಟು. ಇಲ್ಲಿ ಅತ್ಯಂತ ಎಚ್ಚರ ಬೇಕು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಲ್ಲೇಖನಕ್ಕೆ ಹೇಳಿದ ಸಂದರ್ಭಗಳು ಉಪಸರ್ಗ, ದುರ್ಭಿಕ್ಷ, ಜರೆ, ರೋಗ, ಅವೂ ಪ್ರತೀಕಾರವಿಲ್ಲದವಾಗಿರಬೇಕು. ಪ್ರತೀಕಾರವಿರುವ ರೋಗಕ್ಕೆ ಆ ವ್ರತವಿಲ್ಲ. ಅಲ್ಲದೆ ಅದನ್ನು ಕೈಗೊಳ್ಳುವವನು ಶೋಕ, ಭಯ, ಅವಸಾದ, ಅರತಿಗಳನ್ನು ಮೊದಲೇ ತೊರೆದಿರಬೇಕೆಂದು ಆಚಾರ್ಯರು ವಿಧಿಸಿದ್ದಾರೆ. ಸಾವನ್ನು ಬಯಸುವುದೇ ಸಲ್ಲೇಖನದ ಅತಿಚಾರವೆಂದು ತತ್ತ್ವಾರ್ಥಸೂತ್ರವೂ ಹೇಳುತ್ತದೆ. ಬದುಕು ಬೇಡವಾಯಿತೆಂದು ಹೇಳುವವನಿಗೆ ಆ ವ್ರತದ ಬಾಗಿಲು ಮುಚ್ಚಿದೆ. ಅವನ ಮಾತನ್ನು ಧರ್ಮದ ಮಾತೆಂದು ತಿಳಿಯದೆ, ನೆರವಿಗಾಗಿ ಇಟ್ಟ ಮೊರೆಯೆಂದು ತಿಳಿಯಬೇಕು. ಅವನನ್ನು ಒಬ್ಬನೇ ಇರಲು ಬಿಡದೆ ಕೂಡಲೇ ವೈದ್ಯರ ಬಳಿಗೆ ಕರೆದೊಯ್ಯಬೇಕು.

ಹಾಗಾದರೆ ದಾರಿ ಯಾವುದು? ಲಲಿತಾಂಗನ ಕಥೆಯ ಮುಂದಿನ ಭಾಗವು ಅದನ್ನು ತೋರಿಸುತ್ತದೆ. ದೇವಗತಿಯಲ್ಲಿ ವ್ರತವಿಲ್ಲ, ಉಪವಾಸವಿಲ್ಲ. ಆದುದರಿಂದ ಅವನ ಶೋಕಕ್ಕೆ ಉಪವಾಸವು ಔಷಧವಾಗುವಂತೆಯೇ ಇರಲಿಲ್ಲ. ಅವನ ಬಳಿಗೆ ಬಂದವರು ಸಾಮಾನಿಕದೇವರು. ಅವರು ಅವನನ್ನು ಹೀಗಳೆಯಲಿಲ್ಲ; ಇದು ಒಬ್ಬನಿಗೇ ಬಂದುದಲ್ಲವೆಂದು ತಿಳಿಹೇಳಿ ಧೈರ್ಯ ತುಂಬಿ, ಧರ್ಮದಲ್ಲಿ ಮನಸ್ಸಿಡುವಂತೆ ಮಾಡಿದರು. ಅನಂತರ ಅವನು ಹದಿನೈದು ದಿನ ಜಿನಾಲಯಗಳಲ್ಲಿ ಪೂಜೆ ಮಾಡಿ, ಕೊನೆಗೆ ಚೈತ್ಯವೃಕ್ಷದ ಕೆಳಗೆ ನಮಸ್ಕಾರಮಂತ್ರವನ್ನು ನೆನೆಯುತ್ತ ಶಾಂತನಾದನು. ಮೊದಲು ಬಂದುದು ಸಮಾನರಾದವರ ಒಡನಾಟ. ಪೂಜೆಯೂ ಶಾಂತಿಯೂ ಆಮೇಲೆ ಬಂದವು.

ಶ್ರಾವಕರ ಮನೆಯಲ್ಲಿ ಆ ಸಾಮಾನಿಕದೇವರ ಕೆಲಸ ಯಾರದು? ಹೆಂಡತಿಯದು, ಅಣ್ಣತಮ್ಮಂದಿರದು, ನೆರೆಯವರದು. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಸ್ಥಿತಿಕರಣವೆಂಬುದೊಂದಿದೆ. ಅದಕ್ಕೆ ವಾರಿಷೇಣನು ನಿದರ್ಶನ. ಮನಸ್ಸು ಕದಡಿದ ಗೆಳೆಯಮುನಿಯನ್ನು ಅವನು ತಿರಸ್ಕರಿಸಲಿಲ್ಲ, ಜೊತೆಯಲ್ಲಿ ಕರೆದೊಯ್ದು ಮರಳಿ ನೆಲೆನಿಲ್ಲಿಸಿದನು. ಅಂತರಂಗ ತಪಸ್ಸಿನಲ್ಲಿ ಹೇಳಿದ ವೈಯಾವೃತ್ತ್ಯವೂ ಇದೇ. ಪ್ರಾಯಶ್ಚಿತ್ತದ ಮೊದಲ ಭೇದವಾದ ಆಲೋಚನೆಯು ಒಳಗಿನದನ್ನು ಬಚ್ಚಿಡದೆ ಗುರುವಿಗೆ ಹೇಳಿಕೊಳ್ಳುವ ಅಭ್ಯಾಸವನ್ನು ಕಲಿಸುತ್ತದೆ. ಖಿನ್ನನಾದವನು ಇಟ್ಟುಕೊಳ್ಳಬೇಕಾದ ಮೊದಲ ಹೆಜ್ಜೆಯೂ ಹೇಳಿಕೊಳ್ಳುವುದೇ. ಇದಕ್ಕೆ ಎದುರಾಗಿ, ಪರರಲ್ಲಿ ಅರತಿಯನ್ನು ಹುಟ್ಟಿಸುವುದು, ಅವರ ಉತ್ಸಾಹವನ್ನು ಕೆಡಿಸುವುದು ಅರತಿಕರ್ಮದ ಬಂಧಕ್ಕೇ ಕಾರಣವೆಂದು ಸರ್ವಾರ್ಥಸಿದ್ಧಿ ಎಚ್ಚರಿಸುತ್ತದೆ. ‘ನಿನಗೇನು ಕಡಿಮೆ’ ಎಂದು ಚುಚ್ಚುವ ನಾಲಗೆಯು ತನಗೂ ಅದೇ ಕತ್ತಲೆಯನ್ನು ಕೂಡಿಟ್ಟುಕೊಳ್ಳುತ್ತದೆ.

ಔಷಧಿಗೆ ನಾಚಬೇಕಾದುದಿಲ್ಲ. ನಾಲ್ಕು ದಾನಗಳಲ್ಲಿ ಔಷಧದಾನಕ್ಕೆ ಸ್ಥಾನ ಕೊಟ್ಟ ಧರ್ಮವು ಔಷಧ ಸೇವನೆಯನ್ನು ಹೀನವೆಂದೀತೇ? ಮನಸ್ಸಿನ ರೋಗಗಳ ಚಿಕಿತ್ಸೆಗಾಗಿ ಧಾರವಾಡದಲ್ಲಿಯೇ ಡಿಮ್ಹಾನ್ಸ್ ಎಂದು ಹೆಸರಾದ ಸರಕಾರಿ ಸಂಸ್ಥೆಯಿದೆ. 2022ರಿಂದ ಕೇಂದ್ರ ಸರಕಾರದ ಟೆಲಿ ಮಾನಸ್ ಸೇವೆ ನಡೆಯುತ್ತಿದ್ದು, 14416 ಸಂಖ್ಯೆಗೆ ದೂರವಾಣಿ ಮಾಡಿದರೆ ಹಗಲಿರುಳೂ ಕನ್ನಡದಲ್ಲಿಯೇ ಮಾತನಾಡಬಹುದು. ಕರ್ಮದ ಉದಯವು ದ್ರವ್ಯ, ಕ್ಷೇತ್ರ, ಕಾಲ, ಭಾವಗಳ ನಿಮಿತ್ತವನ್ನು ಪಡೆದು ಫಲಕೊಡುತ್ತದೆಂದು ಸಿದ್ಧಾಂತವು ಹೇಳುತ್ತದೆ. ಒಳ್ಳೆಯ ವೈದ್ಯನೂ ಒಳ್ಳೆಯ ಒಡನಾಡಿಯೂ ಅಂಥ ನಿಮಿತ್ತಗಳೇ ಸರಿ. ಕರ್ಮವೆಂದು ಕೈಕಟ್ಟಿ ಕೂಡುವುದಕ್ಕೆ ಆಗಮದ ಆಧಾರವಿಲ್ಲ.

ಯರಗುಪ್ಪಿಯ ಆ ಗೃಹಸ್ಥನ ತಾಯಿ ಮುಂದಿನ ಚತುರ್ದಶಿಯಂದು ಬೇರೊಂದು ಮಾತನ್ನು ಆಡಬಹುದು. “ಇವತ್ತ ಉಪಾಸ ಬ್ಯಾಡಪಾ, ನನ್ನ ಕೂಡ ಕುಂತು ಎರಡ ತುತ್ತು ಉಣ್ಣು. ಉಂಡ ಮ್ಯಾಲೆ ಏನಾಗೇತಿ ಹೇಳು, ನಾ ಕೇಳತೀನಿ.” ಆ ಎರಡು ತುತ್ತಿನಿಂದ ವ್ರತಭಂಗವಾಗುವುದಿಲ್ಲ. ಅಹಿಂಸೆಯೇ ಎಲ್ಲ ವ್ರತಗಳ ಬೇರು. ತನ್ನ ಜೀವವೂ ಒಂದು ಜೀವವೇ, ಅದರ ಮೇಲೆಯೂ ದಯೆ ಬೇಕು. ಆ ದಯೆಯಿಂದ ಚೇತರಿಸಿಕೊಂಡವನು ಮುಂದೊಂದು ಪರ್ವದಿನದಲ್ಲಿ ಹಸಿವೆಯನ್ನು ಅರಿತು, ನಗುಮುಖದಿಂದ ಅನ್ನವನ್ನು ಬದಿಗಿಟ್ಟರೆ ಆ ದಿನದ ಉಪವಾಸವು ನಿಜವಾದ ಉಪವಾಸವಾಗುತ್ತದೆ.