ಚುಕ್ಕಿಗೆರೆಯ ಒಳಗೆ

ಸರ್ಕ್ಯೂಟಿನ ಲೆಕ್ಕ ಬಿಡಿಸುವವರು ಒಂದು ಬ್ಯಾಟರಿಯ ಮುಂದೆ ತಡವರಿಸುತ್ತಾರೆಂದರೆ ವಿಚಿತ್ರವಾಗಿ ಕಾಣಬಹುದು. ರೆಸಿಸ್ಟರ್‌ನದು ತೊಡಕಿಲ್ಲ: ಎರಡು ತುದಿಗಳ ವೋಲ್ಟೇಜ್ ಗೊತ್ತಾದರೆ ಅದರಲ್ಲಿ ಹರಿಯುವ ಕರೆಂಟ್ ಎಷ್ಟೆಂದು ಓಮ್‌ನ ನಿಯಮ ಹೇಳಿಬಿಡುತ್ತದೆ. ನೋಡ್ ವಿಧಾನ ನಿಂತಿರುವುದೇ ಈ ಅನುಕೂಲದ ಮೇಲೆ. ತಂತಿಗಳು ಕೂಡುವ ಒಂದೊಂದು ಜಾಗಕ್ಕೂ ಒಂದು ವೋಲ್ಟೇಜ್ ಇಟ್ಟುಕೊಂಡು, ಅಲ್ಲಿಗೆ ಬಂದ ಕರೆಂಟೆಲ್ಲ ಅಲ್ಲಿಂದ ಹೊರಡಲೇಬೇಕು ಎಂದು ಸಮೀಕರಣ ಬರೆಯುತ್ತ ಹೋಗುವುದು. ಎರಡು ನೋಡ್‌ಗಳ ನಡುವೆ 6 ವೋಲ್ಟಿನ ಆದರ್ಶ ಬ್ಯಾಟರಿ ಬಂದು ಕೂತರೆ ಈ ಓಟ ನಿಲ್ಲುತ್ತದೆ. ಅದಕ್ಕೆ ಗೊತ್ತಿರುವುದು ಒಂದೇ ಮಾತು: ನನ್ನ ಈ ತುದಿ ಆ ತುದಿಗಿಂತ 6 ವೋಲ್ಟ್ ಮೇಲಿರುತ್ತದೆ. ನಿನ್ನೊಳಗೆ ಎಷ್ಟು ಕರೆಂಟ್ ಹರಿಯುತ್ತದಪ್ಪಾ ಎಂದು ಕೇಳಿದರೆ ಉತ್ತರವಿಲ್ಲ. ಅರ್ಧ ಆಂಪಿಯರ್ ಇರಬಹುದು, ಐವತ್ತಿರಬಹುದು, ಉಲ್ಟಾ ಹರಿದು ಬ್ಯಾಟರಿಯೇ ಚಾರ್ಜ್ ಆಗುತ್ತಿರಬಹುದು. ತೀರ್ಮಾನ ಸುತ್ತಲಿನ ಸರ್ಕ್ಯೂಟಿನದು.

(ನಿಜವಾದ ಬ್ಯಾಟರಿಗೆ ಒಳಗೊಂದು ಚಿಕ್ಕ ರೆಸಿಸ್ಟೆನ್ಸ್ ಇದ್ದೇ ಇರುತ್ತದೆ, ಅದನ್ನೂ ಲೆಕ್ಕಕ್ಕೆ ತಂದರೆ ಈ ತೊಂದರೆಯೇ ಇಲ್ಲ. ಆದರ್ಶವನ್ನು ಕಲ್ಪಿಸಿಕೊಂಡವರು ನಾವು, ಸುಂಕವನ್ನೂ ನಾವೇ ಕಟ್ಟಬೇಕು.)

ಇದಕ್ಕೆ ಉಪಾಯ ಸೂಪರ್‌ನೋಡ್. ಬ್ಯಾಟರಿಯನ್ನೂ ಅದರ ಎರಡು ತುದಿಗಳನ್ನೂ ಒಟ್ಟಿಗೆ ಒಂದು ಚುಕ್ಕಿಗೆರೆಯಿಂದ ಸುತ್ತಿ, ಒಳಗಿನ ಕರೆಂಟ್ ಎಷ್ಟೆಂಬ ಪ್ರಶ್ನೆಯನ್ನೇ ಸದ್ಯಕ್ಕೆ ಕೈಬಿಡುವುದು. ಅ ಮತ್ತು ಬ ಎಂಬ ಎರಡು ನೋಡ್‌ಗಳಿವೆ ಎನ್ನೋಣ. ಬ್ಯಾಟರಿಯ ಧನ ತುದಿ ಅ ಕಡೆಗೆ. ಸೊನ್ನೆ ವೋಲ್ಟ್ ಎಂದು ನಾವು ಇಟ್ಟುಕೊಂಡ ಜಾಗ ಗ್ರೌಂಡ್. ಅ ಯಿಂದ ಗ್ರೌಂಡಿಗೆ 2 ಓಮ್, ಬ ಯಿಂದ ಗ್ರೌಂಡಿಗೆ 4 ಓಮ್. ಹೊರಗಿನಿಂದ ಬ ಗೆ 6 ಆಂಪಿಯರ್ ಬರುತ್ತಿದೆ. ಗೆರೆಯ ಒಳಗೆ ಬಂದದ್ದು 6, ಹೊರಗೆ ಹೋಗುವುದು ಎರಡು ರೆಸಿಸ್ಟರ್‌ಗಳ ಮೂಲಕ. ಬ ಯ ವೋಲ್ಟೇಜಿಗೆ 6 ಸೇರಿಸಿದರೆ ಅ ಯದು. ಇಷ್ಟೇ ಸಾಕು: ಬ 4 ವೋಲ್ಟ್, ಅ 10 ವೋಲ್ಟ್. ಅ ಕಡೆಯಿಂದ 5 ಆಂಪಿಯರ್, ಬ ಕಡೆಯಿಂದ 1 ಆಂಪಿಯರ್ ಗ್ರೌಂಡಿಗೆ ಇಳಿಯುತ್ತದೆ. ಬ ಗೆ ಬಂದ 6ರಲ್ಲಿ 1 ಕೆಳಗಿಳಿದ ಮೇಲೆ ಉಳಿದ 5 ಬ್ಯಾಟರಿಯ ಮೂಲಕವೇ ಅ ಗೆ ಹೋಗಿರಬೇಕು. ಕೇಳದೆ ಬಿಟ್ಟ ಪ್ರಶ್ನೆಗೆ ಉತ್ತರ ತಾನಾಗಿ ಬಂತು.

ಗ್ರೌಂಡಿಗೆ ಬದಲು ಬ ಯನ್ನೇ ಸೊನ್ನೆ ಎಂದುಕೊಳ್ಳಿ. ಆಗ ಅ 6 ವೋಲ್ಟ್, ಗ್ರೌಂಡ್ ಮೈನಸ್ 4. ಸಂಖ್ಯೆಗಳು ಬದಲಾದವು, ಒಂದು ಕರೆಂಟೂ ಬದಲಾಗಲಿಲ್ಲ. ರೈಲು ನಿಲ್ದಾಣದ ಹಳದಿ ಫಲಕದಲ್ಲಿ ಸಮುದ್ರ ಮಟ್ಟದಿಂದ ಇಷ್ಟು ಮೀಟರ್ ಎಂದು ಬರೆದಿರುತ್ತಾರಲ್ಲ, ಅಲ್ಲಿ ಸಮುದ್ರಕ್ಕಿರುವ ಹಕ್ಕು ಎಷ್ಟೋ ಇಲ್ಲಿ ಗ್ರೌಂಡಿಗೂ ಅಷ್ಟೇ.

ಚುಕ್ಕಿಗೆರೆಯನ್ನು ಪರೀಕ್ಷೆಗೆ ಬೇಕಾದ ಚಮತ್ಕಾರದಂತೆ ಕಲಿಸುವುದುಂಟು: ಬ್ಯಾಟರಿ ಕಂಡರೆ ಗೆರೆ ಎಳೆ, ಮುಂದೆ ಹೋಗು. ಹಾಗೆ ಕಲಿತವರಿಗೆ ಇದು ನಿಯಮಕ್ಕೊಂದು ವಿನಾಯಿತಿ ಎಂಬ ಭಾವನೆ ಉಳಿಯುತ್ತದೆ. ನನ್ನ ದೃಷ್ಟಿಯಲ್ಲಿ ವಿಷಯ ತಿರುಗುಮುರುಗಾಗಿದೆ. 1845ರಲ್ಲಿ ಕ್ಯೋನಿಗ್ಸ್‌ಬರ್ಗ್‌ನಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದ, 21ರ ಹರೆಯದ ಗುಸ್ತಾವ್ ಕಿರ್ಕಾಫ್ ಮುಂದಿಟ್ಟ, ಬಂದ ಕರೆಂಟೆಲ್ಲ ಹೊರಡಲೇಬೇಕು ಎಂಬ ನಿಯಮದ ಬೇರು ವಿದ್ಯುದಂಶ ಎಲ್ಲಿಯೂ ಗುಡ್ಡೆಯಾಗುವುದಿಲ್ಲ ಎಂಬುದರಲ್ಲಿದೆ. ಗುಡ್ಡೆಯಾಗದಿರುವುದು ಬಿಂದುವಿನ ಗುಣವಲ್ಲ, ಯಾವುದೇ ಆವರಣದ ಗುಣ. ಕಾಗದದ ಮೇಲೆ ನಾವಿಡುವ ಚುಕ್ಕೆ ನಿಜದಲ್ಲಿ ಬಿಂದುವೂ ಅಲ್ಲ. ಗೇಣುದ್ದದ ತಂತಿ, ಸಬ್‌ಸ್ಟೇಷನ್ನಿನಲ್ಲಾದರೆ ಹತ್ತಾರು ಮೀಟರಿನ ಬಸ್‌ಬಾರ್. ಅದರ ಸುತ್ತಲೂ ಕಾಣದ ಗೆರೆಯೊಂದು ಮೊದಲಿಂದಲೇ ಇತ್ತು. ಹಾಗಾಗಿ ಸೂಪರ್‌ನೋಡ್ ಎಂಬುದು ನೋಡ್‌ನ ವಿಶೇಷ ರೂಪವಲ್ಲ. ಸೂಪರ್‌ನೋಡ್‌ಗಳಲ್ಲಿ ಅತಿ ಚಿಕ್ಕದನ್ನು ನಾವು ನೋಡ್ ಎನ್ನುತ್ತಿದ್ದೇವೆ.

ಹಾಗೆ ನೋಡಿದರೆ ಗೆರೆಯನ್ನು ಎಷ್ಟು ದೊಡ್ಡದು ಮಾಡಿದರೂ ನಡೆಯುತ್ತದೆ. ಟ್ರಾನ್ಸಿಸ್ಟರ್ ಒಂದನ್ನು ಸುತ್ತಿ: ಒಳಗಿನ ಭೌತವಿಜ್ಞಾನ ಏನೇ ಇರಲಿ, ಮೂರು ಕಾಲುಗಳ ಕರೆಂಟ್ ಕೂಡಿದರೆ ಸೊನ್ನೆ. ಗ್ರೌಂಡೊಂದನ್ನು ಬಿಟ್ಟು ಇಡೀ ಸರ್ಕ್ಯೂಟನ್ನೇ ಸುತ್ತಿದರೆ ಸಿಗುವುದು ಗ್ರೌಂಡಿನ ಸಮೀಕರಣ, ಉಳಿದವುಗಳ ಮೊತ್ತವೇ ಹೊರತು ಹೊಸದೇನಲ್ಲ. ನೋಡ್‌ಗಳ ಸಂಖ್ಯೆಗಿಂತ ಒಂದು ಕಡಿಮೆ ಸಮೀಕರಣ ಬರೆದರೆ ಸಾಕೆಂದು ಹೇಳಿಕೊಡುವುದು ಇದಕ್ಕೇ. ಗೆರೆ ಎಳೆಯಬಾರದ ಜಾಗವೂ ಉಂಟು. ಕೆಪಾಸಿಟರ್‌ನ ಎರಡು ತಟ್ಟೆಗಳ ನಡುವೆ ಹಾಯಿಸಿ ಒಂದೇ ತಟ್ಟೆಯನ್ನು ಒಳಗಿಟ್ಟುಕೊಂಡರೆ, ತಂತಿಯಲ್ಲಿ ಬಂದದ್ದು ಅಲ್ಲಿಯೇ ಕೂಡುತ್ತ ಹೋಗುತ್ತದೆ, ಲೆಕ್ಕ ತಪ್ಪುತ್ತದೆ. ಆ ತಟ್ಟೆಗಳ ನಡುವಿನ ಬರಿಯ ಜಾಗಕ್ಕೂ ಒಂದು ಕರೆಂಟಿನ ಸ್ಥಾನ ಕೊಟ್ಟು ಲೆಕ್ಕ ಸರಿಪಡಿಸಿದವನು ಮ್ಯಾಕ್ಸ್‌ವೆಲ್.

ಕಂಪ್ಯೂಟರ್ ಮಾತ್ರ ಈ ದಾರಿ ಹಿಡಿಯಲಿಲ್ಲ. ಬರ್ಕ್ಲಿಯಿಂದ 1973ರಲ್ಲಿ ಹೊರಬಂದ ಸ್ಪೈಸ್ ತಂತ್ರಾಂಶದ ಮೊದಲ ಆವೃತ್ತಿ ಸಾದಾ ನೋಡ್ ವಿಧಾನವನ್ನು ನಂಬಿತ್ತು. ವೋಲ್ಟೇಜ್ ಮೂಲಗಳು ಅದಕ್ಕೂ ತಲೆನೋವೇ. 1975ರಲ್ಲಿ ಹೋ, ರ‍್ಯೂಲಿ, ಬ್ರೆನನ್ ಎಂಬ ಐಬಿಎಂ ಸಂಶೋಧಕರು ಮಾರ್ಪಡಿಸಿದ ನೋಡ್ ವಿಧಾನವನ್ನು ಪ್ರಕಟಿಸಿದರು. ಅದರಲ್ಲಿ ಯಾವ ಪ್ರಶ್ನೆಯನ್ನೂ ಕೈಬಿಡುವುದಿಲ್ಲ. ಬ್ಯಾಟರಿಯ ಕರೆಂಟನ್ನೂ ಇನ್ನೊಂದು ಅಜ್ಞಾತವೆಂದು ಪಟ್ಟಿಗೆ ಸೇರಿಸಿ, ಜೊತೆಗೆ ಬ್ಯಾಟರಿಯ ಒಂದು ಮಾತನ್ನು ಒಂದು ಸಮೀಕರಣವಾಗಿ ಸೇರಿಸಿದರಾಯಿತು. ಯಂತ್ರಕ್ಕೆ ಅಜ್ಞಾತಗಳು ಹೆಚ್ಚಾದರೆ ಬೇಸರವಿಲ್ಲ. ಆದರೆ ಕಲಿಯುವವರಿಗೆ ಚುಕ್ಕಿಗೆರೆಯೇ ಹೆಚ್ಚು ಕಲಿಸುತ್ತದೆ ಎಂಬುದು ನನ್ನ ಪಕ್ಷ. ಗೊತ್ತಿಲ್ಲದ್ದಕ್ಕೆ ಹೆಸರಿಟ್ಟು ಬೆನ್ನಟ್ಟುವುದು ಒಂದು ಬಗೆ. ಎಲ್ಲಿ ನಿಂತರೆ ಅದು ಬೇಕಾಗುವುದಿಲ್ಲ ಎಂದು ಹುಡುಕುವುದು ಇನ್ನೊಂದು. ಎರಡನೆಯದಕ್ಕೆ ಕೈಗಿಂತ ಕಣ್ಣು ಹೆಚ್ಚು ಬೇಕು.

ಈ ಗೆರೆ ಪುಸ್ತಕದಲ್ಲಷ್ಟೇ ಇಲ್ಲ. ಮನೆಯ ಮೀಟರ್ ಬೋರ್ಡಿನ ಬಳಿ ಕೂತಿರುವ ಆರ್‌ಸಿಸಿಬಿಗೆ ಇಡೀ ಮನೆಯೇ ಒಂದು ಸೂಪರ್‌ನೋಡ್. ಒಳಗೆ ಮಿಕ್ಸಿ ಓಡುತ್ತಿದೆಯೋ, ಗೀಸರ್ ಕಾಯುತ್ತಿದೆಯೋ ಅದು ಕೇಳುವುದಿಲ್ಲ. ಫೇಸ್‌ನಲ್ಲಿ ಒಳಬಂದದ್ದು ನ್ಯೂಟ್ರಲ್‌ನಲ್ಲಿ ಹೊರಹೋಯಿತೇ ಎಂಬುದೊಂದೇ ಅದರ ಚಿಂತೆ. ಮನೆಗಳಲ್ಲಿ ಸಾಮಾನ್ಯವಾಗಿ ಹಾಕುವ ಮಾದರಿ, ವ್ಯತ್ಯಾಸ 30 ಮಿಲಿಆಂಪಿಯರ್ ಮುಟ್ಟುವಷ್ಟರಲ್ಲಿ ಕರೆಂಟ್ ಕಡಿಯುತ್ತದೆ. ಕಾಣೆಯಾದ ಆ ಕರೆಂಟ್ ಯಾರದೋ ಮೈಯೊಳಗಿಂದ ನೆಲಕ್ಕೆ ಇಳಿಯುತ್ತಿರಬಹುದು. ಆರ್‌ಸಿಸಿಬಿಯ ಮೇಲೆ ಇಂಗ್ಲಿಷಿನ ‘ಟಿ’ ಅಕ್ಷರವಿರುವ ಒಂದು ಗುಂಡಿ ಇರುತ್ತದೆ. ಆಗಾಗ ಒತ್ತಿ ನೋಡಿ. ಟ್ರಿಪ್ ಆಗದಿದ್ದರೆ ಅವತ್ತೇ ಎಲೆಕ್ಟ್ರಿಷಿಯನ್‌ನನ್ನು ಕರೆಸಿ.