ಹೆಸರು ಕಳೆದುಕೊಂಡ ಇಡ್ಲಿ

ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ತಿಂಡಿ ತಿನ್ನುವುದೆಂದರೆ ಎರಡು ಬಸ್ಸುಗಳ ನಡುವೆ ಮುಗಿಸಬೇಕಾದ ಕೆಲಸ. ಬ್ಯಾಗನ್ನು ಕಾಲುಗಳ ಮಧ್ಯೆ ಒತ್ತಿಟ್ಟುಕೊಂಡು, ಪ್ಲಾಟ್‌ಫಾರಂ ಮೇಲೊಂದು ಕಣ್ಣಿಟ್ಟು, ಜನ ನಿಂತೇ ಇಡ್ಲಿ-ವಡೆ ಮುಗಿಸುತ್ತಾರೆ. ಕೈ ತೊಳೆದು ಬಸ್ ಹತ್ತಿದರೆ, ಸದ್ಯ ಹೊಟ್ಟೆಗೇನೋ ಬಿತ್ತು ಎಂಬ ಸಮಾಧಾನ. ಆದರೆ ಇಡ್ಲಿ ಇನ್ನೂ ದೇಹದ ಒಳಗೆ ಹೋಗಿಲ್ಲ.

ಬಾಯಿಂದ ಗುದದವರೆಗಿನ ಜೀರ್ಣನಾಳ ಎರಡೂ ತುದಿ ತೆರೆದ ಕೊಳವೆ. ಅದರ ಪೊಳ್ಳು ಹೊರಲೋಕಕ್ಕೇ ಸೇರಿದ್ದು. ನಮ್ಮ ನಿಜವಾದ ಹೊಸ್ತಿಲು ಸಣ್ಣ ಕರುಳಿನ ಗೋಡೆಯಲ್ಲಿದೆ, ಅದೂ ಒಂದೇ ಪದರ ಜೀವಕೋಶಗಳ ದಪ್ಪದ್ದು. ನೀರು, ಉಪ್ಪಿನಂಥ ಕೆಲವನ್ನು ಅದು ಇದ್ದಂತೆಯೇ ಬಿಟ್ಟುಕೊಳ್ಳುತ್ತದೆ. ಇಡ್ಲಿಗೆ ಆ ಸಲಿಗೆಯಿಲ್ಲ. ಅಕ್ಕಿಯ ಪಿಷ್ಟ ಗ್ಲೂಕೋಸ್ ಆಗಬೇಕು, ಉದ್ದಿನ ಪ್ರೋಟೀನು ಕಳಚಿ ಅಮೈನೋ ಆಮ್ಲಗಳಾಗಬೇಕು; ಆಮೇಲಷ್ಟೇ ರಕ್ತದ ದಾರಿ, ಯಕೃತ್ತಿನ ತಪಾಸಣೆ. ವಡೆಯ ಎಣ್ಣೆಯದು ಸುತ್ತುದಾರಿ: ದುಗ್ಧನಾಳಗಳಲ್ಲಿ ಮೇಲೇರಿ ಎಡಗುತ್ತಿಗೆಯ ಬುಡದಲ್ಲಿ ರಕ್ತ ಸೇರುತ್ತದೆ. (ಈ ಕಳಚುವ ಕೆಲಸಕ್ಕೆ ರಾತ್ರಿಯೇ ಕೈಹಾಕಿದ್ದು, ಹಿಟ್ಟು ಹುಳಿಸಿದ ಬ್ಯಾಕ್ಟೀರಿಯಾ. ಅವುಗಳಿಗೆ ಯಾರೂ ಬಿಲ್ ಕೊಡುವುದಿಲ್ಲ.)

ನನಗೆ ಇದಕ್ಕಿಂತ ವಿಚಿತ್ರವೆನಿಸುವುದು ಇನ್ನೊಂದು. ಜೊಲ್ಲು, ಜಠರರಸ, ಪಿತ್ತ, ಮೇದೋಜೀರಕದ ರಸ ಎಂದು ದೇಹ ದಿನಕ್ಕೆ ಸುಮಾರು 7 ಲೀಟರ್ ದ್ರವವನ್ನು ಈ ಕೊಳವೆಗೆ ಸುರಿಯುತ್ತದೆ, ಹೆಚ್ಚುಕಡಿಮೆ ಅಷ್ಟನ್ನೂ ವಾಪಸು ಹೀರಿಕೊಳ್ಳುತ್ತದೆ. ಕರುಳಿನ ಒಳಪದರದ ಕೋಶಗಳೂ ಮೂರ್ನಾಲ್ಕು ದಿನಕ್ಕೆ ಉದುರಿ, ಅದೇ ಅನ್ನದ ಜೊತೆ ಜೀರ್ಣವಾಗುತ್ತವೆ. ಇಡ್ಲಿಯನ್ನು ತನ್ನದಾಗಿಸಿಕೊಳ್ಳಲು ಹೊರಟ ದೇಹ ತನ್ನನ್ನೂ ಅಷ್ಟಷ್ಟು ಉಣ್ಣುತ್ತಿರುತ್ತದೆ. ಹಾಗಿದ್ದರೆ ಉಂಡವರು ಯಾರು?

ಇಡ್ಲಿಯಂತೆಯೇ ಅರಗಿಹೋದ ರಾಕ್ಷಸ ವಾತಾಪಿಯ ಕಥೆ ನಮ್ಮ ಬಾದಾಮಿಯಲ್ಲೇ ನಡೆದದ್ದೆಂದು ಹೇಳುತ್ತಾರೆ. ಟಗರಾಗಿ ಬೆಂದು ಅತಿಥಿಯ ಹೊಟ್ಟೆ ಸೇರುವುದು, ಅಣ್ಣ ಇಲ್ವಲ ಕರೆದೊಡನೆ ಹೊಟ್ಟೆ ಸೀಳಿ ಬರುವುದು ಅವನ ಕಸುಬು. ಅಗಸ್ತ್ಯ ಮುನಿಗಳು ಉಂಡ ದಿನವೂ ಇಲ್ವಲ ಹೆಸರು ಹಿಡಿದು ಕೂಗಿದ. ಓಗೊಡಲು ಅಲ್ಲಿ ವಾತಾಪಿ ಎಂಬುವನೇ ಉಳಿದಿರಲಿಲ್ಲ. ಅಗಸ್ತ್ಯರು ಅವನನ್ನು ಸೋಲಿಸಲಿಲ್ಲ, ಹೆಸರಿಲ್ಲದಂತೆ ಅರಗಿಸಿಬಿಟ್ಟರು.

ಬರೀ ನುಂಗುವುದು ಬೇರೆಯೇ ವಿಷಯ. ಮೆಜೆಸ್ಟಿಕ್ ಬಸ್ ನಿಲ್ದಾಣವಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಒಂದು ಕಾಲಕ್ಕೆ ಪೇಟೆಗೆ ನೀರುಣಿಸಿದ ಕೆರೆ ಅದು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆ ನೀರು ಬಂತು, ಕೆರೆಯ ಹಂಗು ತಪ್ಪಿತು; 1960ರ ದಶಕದಲ್ಲಿ ಅಲ್ಲಿ ಬಸ್ಸುಗಳು ಬಂದು ನಿಂತವು. ಊರು ಕೆರೆಯನ್ನು ಇಡಿಯಾಗಿ ನುಂಗಿತು, ಅರಗಿಸಿಕೊಳ್ಳಲಿಲ್ಲ. ಜೋರು ಮಳೆ ಬಂದರೆ ಸಾಕು, ನೀರು ಹಳೆಯ ತಗ್ಗು ಹುಡುಕಿಕೊಂಡು ಬರುತ್ತದೆ. ಪ್ಯಾಂಟು ಮಡಚಿ ನಿಂತವರು ಚರಂಡಿಯನ್ನು ಬೈಯುತ್ತಾರೆ. ಚರಂಡಿಯ ತಪ್ಪೂ ಇದೆ, ಇಲ್ಲವೆನ್ನುವುದಿಲ್ಲ.