ಒಬ್ಬರಿಗೆ ಮಾತ್ರ ಸಾಕ್ಷಿಯಾಗುವ ಸಹಿ

ಗುಂಡ್ಲುಪೇಟೆ ತಾಲ್ಲೂಕಿನ ಬೇಗೂರು, ಹಂಗಳ, ತೆರಕಣಾಂಬಿ, ಯಾವ ಹೋಬಳಿಯ ನಾಡಕಚೇರಿಯಲ್ಲಿ ಅರ್ಜಿ ಹಾಕಿದರೂ ಜಾತಿ ಮತ್ತು ಆದಾಯ ಪ್ರಮಾಣಪತ್ರ ಈಗ ಒಂದೇ ಬಗೆಯಲ್ಲಿ ಕೈಗೆ ಬರುತ್ತದೆ. ಅದರಲ್ಲಿ ಡಿಜಿಟಲ್ ಸಹಿ ಇರುತ್ತದೆ, ‘ಆರ್‌ಡಿ’ ಎಂದು ಶುರುವಾಗುವ ಒಂದು ಸಂಖ್ಯೆ ಇರುತ್ತದೆ. ಪತ್ರ ಅಸಲಿಯೋ ನಕಲಿಯೋ ಎಂದು ಆ ಸಂಖ್ಯೆ ಹಾಕಿ ಆನ್‌ಲೈನ್‌ನಲ್ಲೇ ನೋಡಬಹುದು. ವಿದ್ಯಾರ್ಥಿವೇತನಕ್ಕೆಂದು ಕಾಲೇಜಿಗೆ ಕೊಟ್ಟ ಇಂಥ ಪತ್ರದ ಒಂದು ಪ್ರತಿ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಉಳಿದುಹೋಯಿತು, ಅಲ್ಲಿಂದ ವಾಟ್ಸಾಪ್‌ನಲ್ಲಿ ಹತ್ತು ಕೈ ದಾಟಿತು ಎಂದುಕೊಳ್ಳಿ. ಹನ್ನೊಂದನೆಯವನಿಗೂ ಅದು ಮೊದಲನೆಯವನಿಗಿದ್ದಷ್ಟೇ ಬಲವಾದ ಸಾಕ್ಷಿ. ಸಹಿಯೆಂದರೆ ಹೀಗೆಯೇ ಇರಬೇಕು ಎಂದು ನಾವು ನಂಬಿದ್ದೇವೆ. ಆದರೆ ಇಲ್ಲಿ ಸಹಿ ಎರಡು ಕೆಲಸ ಮಾಡುತ್ತಿದೆ. ಪತ್ರ ಪಡೆದವರಿಗೆ ಇದು ನಿಜವೆಂದು ಹೇಳುವುದು ಒಂದು, ಪಡೆದವರ ಕೈಗೆ ಲೋಕವನ್ನೆಲ್ಲ ನಂಬಿಸುವ ಶಕ್ತಿ ಕೊಡುವುದು ಇನ್ನೊಂದು. ಈ ಎರಡನ್ನೂ ಬಿಡಿಸಿ ಬೇರೆ ಮಾಡಬಹುದು, ಕೆಲವು ಕಡೆ ಬೇರೆ ಮಾಡಲೇಬೇಕು ಎಂಬುದು ಈ ಲೇಖನದ ವಾದ.

ಎರಡೂ ಒಂದೇ ಎಂಬ ನಂಬಿಕೆಗೆ ದೊಡ್ಡ ಇತಿಹಾಸವಿದೆ. ವಿಜಯನಗರದ ಹಲವು ತಾಮ್ರಶಾಸನಗಳಲ್ಲಿ ಪಠ್ಯವೆಲ್ಲ ಸಂಸ್ಕೃತದಲ್ಲಿ, ನಾಗರಿ ಲಿಪಿಯಲ್ಲಿದ್ದರೂ ಕೊನೆಯಲ್ಲಿ ‘ಶ್ರೀ ವಿರೂಪಾಕ್ಷ’ ಎಂದು ಕನ್ನಡ ಅಕ್ಷರಗಳ ರಾಜಮುದ್ರೆ ಬೀಳುತ್ತಿತ್ತು; ಹೊತ್ತು ಬಂದಾಗ ಯಾರ ಮುಂದೆ ಬೇಕಾದರೂ ತೆಗೆದು ತೋರಿಸಲೆಂದೇ ಅದು. ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯ ಕಲ್ಲುಶಾಸನಗಳನ್ನು ಬಿ.ಎಲ್. ರೈಸ್ 1898ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ 4ನೇ ಸಂಪುಟದಲ್ಲಿ ಪ್ರಕಟಿಸಿದರು. ದೇವಸ್ಥಾನದ ಅಂಗಳದಲ್ಲಿ, ಕೆರೆ ಏರಿಯ ಮೇಲೆ ನಿಲ್ಲಿಸಿದ ಕಲ್ಲು ದಾರಿಹೋಕರನ್ನೂ ಸಾಕ್ಷಿಯಾಗಿಸುತ್ತದೆ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ‘ಮಿತಾಕ್ಷರಾ’ ವ್ಯಾಖ್ಯೆ ಬರೆದದ್ದು ಯಾಜ್ಞವಲ್ಕ್ಯ ಸ್ಮೃತಿಗೆ. ಆ ಸ್ಮೃತಿ ಲಿಖಿತ, ಭುಕ್ತಿ, ಸಾಕ್ಷಿ ಎಂದು ವ್ಯವಹಾರದ ಪ್ರಮಾಣಗಳನ್ನು ಮೂರಾಗಿ ಎಣಿಸುತ್ತದೆ. ಬಲಾತ್ಕಾರ, ಮೋಸಗಳಿಂದ ಬರೆಸಿಕೊಂಡದ್ದಲ್ಲದಿದ್ದರೆ ಸ್ವಹಸ್ತದಲ್ಲಿ ಬರೆದ ಪತ್ರ ಸಾಕ್ಷಿಗಳಿಲ್ಲದೆಯೂ ನಿಲ್ಲುತ್ತದೆ ಎನ್ನುತ್ತದೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯೂ ಇದೇ ದಾರಿ ಹಿಡಿದಿದೆ. ಡಿಜಿಟಲ್ ಸಹಿಯನ್ನು ಸಹಿದಾರರ ಬಹಿರಂಗ ಕೀಲಿಯಿಂದ ಯಾವ ವ್ಯಕ್ತಿಯಾದರೂ ಪರೀಕ್ಷಿಸಬಹುದು ಎಂದು ಅದರ 3ನೇ ಕಲಮಿನಲ್ಲೇ ಬರೆದಿಟ್ಟಿದೆ.

ಗಣಿತಜ್ಞರಿಗೆ ಈ ‘ಯಾರಾದರೂ’ ಎಂಬುದರ ಮೇಲೆ ಸಂಶಯ ಬಂದದ್ದು 1989ರ ಹೊತ್ತಿಗೆ. ಡೇವಿಡ್ ಚೌಮ್ ಮತ್ತು ಹ್ಯಾನ್ಸ್ ವಾನ್ ಆಂಟ್ವೆರ್ಪೆನ್ ಅವರು ಸಹಿದಾರನ ಸಹಕಾರವಿಲ್ಲದೆ ಪರೀಕ್ಷಿಸಲು ಬಾರದ ಸಹಿಯೊಂದನ್ನು ರೂಪಿಸಿದರು. ಅದರಲ್ಲಿ ಒಂದು ತೊಡಕು ಉಳಿಯಿತು: ಸಹಿದಾರ ಒಬ್ಬರಿಗೆ ಸಹಕರಿಸುತ್ತಿರುವಾಗ ಅವರ ಬೆನ್ನ ಹಿಂದೆ ಇನ್ನೊಬ್ಬರು ಕೂತು ತಾವೂ ಮನದಟ್ಟು ಮಾಡಿಕೊಳ್ಳಬಹುದಿತ್ತು. 1996ರಲ್ಲಿ ಮಾರ್ಕಸ್ ಯಾಕೊಬ್ಸನ್, ಕಜುಯೆ ಸಾಕೊ, ರಸೆಲ್ ಇಂಪಾಲಿಯಾಜೊ ಮೂವರೂ ಸೇರಿ ಇದನ್ನು ಬಿಡಿಸಿದ ರೀತಿ ಬಹಳ ಸರಳ, ಸರಳವಾದ್ದರಿಂದಲೇ ಚೆಂದ. ಡಿಜಿಟಲ್ ವ್ಯವಹಾರದಲ್ಲಿ ಪ್ರತಿಯೊಬ್ಬರಿಗೂ ಒಂದು ಗುಟ್ಟಿನ ಕೀಲಿ, ಅದಕ್ಕೆ ಜೋಡಿಯಾದ ಒಂದು ಬಹಿರಂಗ ಕೀಲಿ ಇರುತ್ತದೆ. ಮಾಮೂಲಿ ಸಹಿ ‘ಇದನ್ನು ಮಾಡಿದ್ದು ನನ್ನ ಗುಟ್ಟಿನ ಕೀಲಿ ಬಲ್ಲವರು’ ಎಂದಷ್ಟೇ ಸಾಧಿಸುತ್ತದೆ. ಇವರ ಸಹಿ ‘ಇದನ್ನು ಮಾಡಿದವರು ನನ್ನ ಕೀಲಿ ಬಲ್ಲವರು, ಇಲ್ಲವೇ ಪಡೆಯುವವರ ಕೀಲಿ ಬಲ್ಲವರು’ ಎಂದು ಸಾಧಿಸುತ್ತದೆ, ಇಬ್ಬರಲ್ಲಿ ಯಾರು ಎಂದು ಹೇಳುವುದಿಲ್ಲ. ಪಡೆದವರಿಗೆ ತಾವು ಇದನ್ನು ಮಾಡಿಲ್ಲವೆಂದು ಗೊತ್ತು. ಹಾಗಾಗಿ ಉಳಿದವರು ಒಬ್ಬರೇ. ಮೂರನೆಯವರಿಗೆ ಅದೇ ಪತ್ರ ತೋರಿಸಿದರೆ ಅವರು ‘ನೀವೇ ತಯಾರಿಸಿದ್ದಿರಬಹುದಲ್ಲ’ ಎನ್ನುತ್ತಾರೆ. ಆ ಮಾತಿಗೆ ಉತ್ತರವಿಲ್ಲ, ಏಕೆಂದರೆ ಪಡೆದವರು ನಿಜವಾಗಿಯೂ ತಯಾರಿಸಬಲ್ಲರು.

ಇಲ್ಲಿ ಗಣಿತ ಮುಗಿದು ತತ್ತ್ವಶಾಸ್ತ್ರ ಶುರುವಾಗುತ್ತದೆ. ಪಡೆದವರ ತಲೆಯಲ್ಲಿ ನಡೆದದ್ದು ನಮ್ಮ ನೈಯಾಯಿಕರು ಬಲ್ಲ ಅನುಮಾನವೇ. ನ್ಯಾಯಸೂತ್ರದ ‘ಶೇಷವತ್’ ಅನುಮಾನವನ್ನು ವಾತ್ಸ್ಯಾಯನ ವಿವರಿಸುವಾಗ, ಸಾಧ್ಯತೆಗಳನ್ನೆಲ್ಲ ಮುಂದಿಟ್ಟುಕೊಂಡು ಒಂದೊಂದಾಗಿ ತಳ್ಳಿಹಾಕಿ ಉಳಿದದ್ದನ್ನು ಒಪ್ಪುವ ಪರಿಶೇಷದ ಕ್ರಮವನ್ನು ಹೇಳುತ್ತಾನೆ. ಶಬ್ದ ದ್ರವ್ಯವಲ್ಲ, ಕರ್ಮವಲ್ಲ, ಆದ್ದರಿಂದ ಗುಣ ಎಂಬುದು ಅವನ ಉದಾಹರಣೆ. ಆದರೆ ಅಲ್ಲಿ ತಳ್ಳಿಹಾಕುವ ಕಾರಣಗಳು ಸಭೆಗೆಲ್ಲ ಸಮಾನ. ನಮ್ಮ ಸಹಿಯಲ್ಲಿ ತಳ್ಳಿಹಾಕುವ ಕಾರಣ, ಅಂದರೆ ‘ನಾನು ಮಾಡಿಲ್ಲ’ ಎಂಬ ಅರಿವು, ಒಬ್ಬರ ಒಳಗೆ ಮಾತ್ರ ಇದೆ. ಅದನ್ನು ಬಾಯಲ್ಲಿ ಹೇಳಬಹುದು, ಸಾಕ್ಷಿಯಾಗಿ ಕೈಗಿಡಲಾಗದು. ಬೌದ್ಧ ತಾರ್ಕಿಕ ದಿಙ್ನಾಗ ‘ಪ್ರಮಾಣಸಮುಚ್ಚಯ’ದಲ್ಲಿ ಸ್ವಾರ್ಥಾನುಮಾನ, ಪರಾರ್ಥಾನುಮಾನ ಎಂದು ಎರಡು ಬೇರೆ ಅಧ್ಯಾಯಗಳನ್ನೇ ಮಾಡಿದ, ತನಗೆ ತಿಳಿದುಕೊಳ್ಳುವುದು ಒಂದು, ಪರರಿಗೆ ತಿಳಿಸಿಕೊಡುವುದು ಇನ್ನೊಂದು. ಮೊದಲನೆಯದು ಆದ ಮೇಲೆ ಎರಡನೆಯದು ಮಾತಿಗೆ ಇಳಿಸುವ ಕೆಲಸವಷ್ಟೇ ಎಂದು ಸಾಮಾನ್ಯವಾಗಿ ಅನ್ನಿಸುತ್ತದೆ. ತನಗೆ ಪೂರ್ತಿ ಸಿದ್ಧವಾಗಿ ಪರರಿಗೆ ಎಂದೂ ಸಿದ್ಧವಾಗದ ಜ್ಞಾನವನ್ನು ಬೇಕೆಂದೇ ಕಟ್ಟಬಹುದು ಎಂದು 1996ರ ಆ ಪ್ರಬಂಧ ತೋರಿಸಿತು. ಸಾಕ್ಷಿತನ ಕಾಗದದೊಳಗಿನ ಗುಣವೆಂದು ಭಾವಿಸಿದ್ದೆವು. ಕಾಗದಕ್ಕೂ ಅದನ್ನು ಓದುವವರಿಗೆ ಮೊದಲೇ ಗೊತ್ತಿರುವುದಕ್ಕೂ ನಡುವೆ ಇರುವ ಸಂಬಂಧ ಅದು.

ಇದನ್ನು ಗೂಢಲಿಪಿಯೊಂದಿಗೆ ಬೆರೆಸಬಾರದು. ಗೂಢಲಿಪಿ ವಿಷಯವನ್ನು ಮುಚ್ಚಿಡುತ್ತದೆ. ಈ ಸಹಿಯಲ್ಲಿ ವಿಷಯ ಬಟಾಬಯಲಾದರೂ ಚಿಂತೆಯಿಲ್ಲ, ಅದರ ಸಾಕ್ಷ್ಯಬಲ ಮಾತ್ರ ದಾಟುವುದಿಲ್ಲ. ಮೈಸೂರು ಸೀಮೆಯ ದನದ ಜಾತ್ರೆ, ಸಂತೆಗಳಲ್ಲಿ ಟವೆಲ್ಲಿನ ಕೆಳಗೆ ಕೈ ಸೇರಿಸಿ, ಬೆರಳು ಹಿಡಿದು ದರ ಹೇಳುವ ವ್ಯಾಪಾರವಿದೆ. ಸುತ್ತ ನಿಂತವರಿಗೆ ಸಂಖ್ಯೆ ಕಾಣುವುದಿಲ್ಲ, ಅದು ಗೂಢಲಿಪಿಯ ಭಾಗ. ಆಮೇಲೆ ರೈತ ಇನ್ನೊಬ್ಬ ದಲ್ಲಾಳಿಯ ಹತ್ತಿರ ‘ಅವರು ಇಷ್ಟಕ್ಕೆ ಕೇಳಿದರು’ ಎಂದು ಹೇಳಿದರೆ ಆ ದಲ್ಲಾಳಿ ನಂಬಬೇಕಾಗಿಲ್ಲ, ದರ ಏರಿಸಲು ರೈತ ಕಟ್ಟಿಕೊಂಡ ಮಾತು ಅದಾಗಿರಬಹುದು. ಈ ಎರಡನೆಯ ಭಾಗವೇ ನಮ್ಮ ಸಹಿ. ಬೆರಳು ಹಿಡಿದ ಇಬ್ಬರಿಗೆ ಮಾತು ಖಚಿತ, ಮಿಕ್ಕವರಿಗೆ ಅದು ಬರೀ ಮಾತು.

ಇಷ್ಟು ಕೇಳಿದ ಕೂಡಲೇ ಏಳುವ ಆಕ್ಷೇಪ ಗಟ್ಟಿಯಾದದ್ದು: ಕೊಟ್ಟ ಮಾತಿಗೆ ತಪ್ಪುವವರಿಗೆ ಇದು ವರದಾನವಲ್ಲವೇ? ಗುಂಡ್ಲುಪೇಟೆ ಸುತ್ತಮುತ್ತ ಚೆಂಡುಹೂವನ್ನು ಕಂಪನಿಗಳ ಒಪ್ಪಂದದ ಮೇಲೆ ಬೆಳೆಯುತ್ತಾರೆ. ಬೀಜ ಕಂಪನಿಯದು, ದರ ಮೊದಲೇ ಗೊತ್ತುಮಾಡಿದ್ದು, ಹೂವು ಬಣ್ಣದ ಸಾರ ತೆಗೆಯುವ ಕಾರ್ಖಾನೆಗೆ ಹೋಗುತ್ತದೆ. ಇಂಥ ಒಪ್ಪಂದಕ್ಕೆ ಕಂಪನಿ ರೈತನೊಬ್ಬನಿಗೇ ಮನದಟ್ಟಾಗುವ ಸಹಿ ಹಾಕಿಕೊಟ್ಟರೆ, ದರ ಇಳಿಸಿದ ದಿನ ಆ ಚೀಟಿ ಹಿಡಿದು ಅವನು ಯಾವ ಕಚೇರಿಗೂ ಹೋಗಲಾರ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಉದಾಹರಣೆ ಇನ್ನೂ ಸ್ಪಷ್ಟ. 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಅಲ್ಲಿನ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು, ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ದೇಶದಲ್ಲೇ ಮೊದಲ ಬಾರಿಗೆ. ಆ ಹಕ್ಕುಪತ್ರದ ಪ್ರಾಣವೇ ಅದನ್ನು ಕಾವಲುಗಾರನಿಗೆ, ಅಧಿಕಾರಿಗೆ, ನ್ಯಾಯಾಲಯಕ್ಕೆ, ಯಾರಿಗಾದರೂ ತೋರಿಸಬಲ್ಲ ಶಕ್ತಿಯಲ್ಲಿದೆ. ಅದನ್ನು ಒಬ್ಬರಿಗೆ ಕಟ್ಟಿಹಾಕಿದರೆ ಕೊಟ್ಟೂ ಕೊಡದಂತೆ. ಆದ್ದರಿಂದ ಈ ಸಹಿ ಎಲ್ಲೆಡೆ ಬೇಕು ಎನ್ನುವವರೊಂದಿಗೆ ನನಗೆ ಸಹಮತವಿಲ್ಲ. ಮಾತು ಕೊಟ್ಟವರು ಬಲಿಷ್ಠರಾಗಿ, ಪಡೆದವರು ದುರ್ಬಲರಾಗಿದ್ದರೆ ಸಹಿ ಕಲ್ಲುಶಾಸನದ ಹಾಗೇ ಇರಬೇಕು.

ನಾಡಕಚೇರಿಯ ಆದಾಯ ಪತ್ರದಲ್ಲಿ ಬಲಾಬಲ ತಿರುಗಿದೆ. ಅಲ್ಲಿ ಕೊಡುವವರು ಸರ್ಕಾರ, ಕೇಳುವವರು ಕಾಲೇಜೋ ಬ್ಯಾಂಕೋ, ಆದರೆ ಪತ್ರ ಹೇಳುವುದು ಮೂರನೆಯವರ ಬಡತನವನ್ನು, ಜಾತಿಯನ್ನು. ಪತ್ರ ಬೇಡದ ಕೈಗೆ ಸಿಕ್ಕರೆ ನೋಯುವವರು ಆ ಮೂರನೆಯವರು. ಇದಕ್ಕೂ ದಾರಿ ಇದೆ. ಸ್ಟೈನ್‌ಫೆಲ್ಡ್ ಮತ್ತು ಸಂಗಡಿಗರು 2003ರಲ್ಲಿ ತೋರಿಸಿದ ವಿಧಾನದಲ್ಲಿ ಸರ್ಕಾರ ಎಂದಿನಂತೆ ಬಹಿರಂಗ ಸಹಿಯನ್ನೇ ಹಾಕಿ ಪತ್ರವನ್ನು ಅರ್ಜಿ ಹಾಕಿದ ಹುಡುಗಿಗೆ ಕೊಡುತ್ತದೆ. ಮೂಲವನ್ನು ಅವಳೇ ಇಟ್ಟುಕೊಳ್ಳುತ್ತಾಳೆ. ಕಾಲೇಜು ಕೇಳಿದಾಗ ಅದರಿಂದ ಆ ಕಾಲೇಜಿಗೆ ಮಾತ್ರ ಸಾಕ್ಷಿಯಾಗುವ ಪ್ರತಿಯೊಂದನ್ನು ಅವಳ ಫೋನೇ ತೆಗೆದುಕೊಡುತ್ತದೆ. ಪ್ರತಿ ಬಾರಿ ಕಚೇರಿಗೆ ಅಲೆಯಬೇಕಿಲ್ಲ. ನಾಳೆ ಸರ್ಕಾರವೇ ‘ನಾವು ಕೊಟ್ಟಿಲ್ಲ’ ಎಂದರೆ ಬಹಿರಂಗ ಮೂಲ ಅವಳ ಹತ್ತಿರವೇ ಇದೆ. ಅಧಿಕಾರದ ಎದುರು ತೋರಿಸುವ ಬಲ, ಅಂಗಡಿಯ ಕಂಪ್ಯೂಟರಿಗೆ ಬಿಡದಿರುವ ಹಕ್ಕು, ಎರಡೂ ಒಂದೇ ಕೈಯಲ್ಲಿ. ಪತ್ರ ಯಾರ ಬದುಕಿನ ಬಗ್ಗೆಯೋ ಅವರಿಗೇ ಸಾಕ್ಷಿಯನ್ನು ಆರಿಸುವ ಅಧಿಕಾರ ಬರುತ್ತದೆ.

ವ್ಯವಹಾರ ಬಲ್ಲವರು ಇನ್ನೊಂದು ಮಾತು ತೆಗೆಯುತ್ತಾರೆ: ಜನ ಗಣಿತ ನೋಡಿ ನಂಬುವುದಿಲ್ಲ, ಸ್ಕ್ರೀನ್‌ಶಾಟ್ ನೋಡಿ ನಂಬುತ್ತಾರೆ. ಇದು ನಿಜ. ವಾಟ್ಸಾಪ್‌ನ ಒಳಗಿರುವ ಸಿಗ್ನಲ್ ವಿಧಾನ ಕೂಡ ಸಂದೇಶವನ್ನು ಪಡೆದವರಿಗೆ ಖಚಿತಪಡಿಸುತ್ತದೆಯೇ ಹೊರತು ಹೊರಗಿನವರಿಗೆ ತೋರಿಸಬಹುದಾದ ಸಹಿಯನ್ನು ಪ್ರತಿ ಸಂದೇಶಕ್ಕೂ ಅಂಟಿಸುವುದಿಲ್ಲ. ಆದರೂ ವಾಟ್ಸಾಪ್ ಮಾತುಕತೆ ನ್ಯಾಯಾಲಯಗಳಲ್ಲಿ ಸಾಕ್ಷ್ಯವಾಗಿ ಬರುತ್ತಲೇ ಇದೆ. ಅದು ಬರುವ ಬಾಗಿಲು ಯಾವುದು ಎಂದು ನೋಡಬೇಕು. ಎಲೆಕ್ಟ್ರಾನಿಕ್ ದಾಖಲೆಯ ಪ್ರತಿಗೆ ಹಳೆಯ ಸಾಕ್ಷ್ಯ ಅಧಿನಿಯಮದ 65ಬಿ ಕಲಮಿನ ಪ್ರಮಾಣಪತ್ರ ಬೇಕೇ ಬೇಕು ಎಂದು ಸುಪ್ರೀಂ ಕೋರ್ಟ್ 2020ರ ಅರ್ಜುನ್ ಪಂಡಿತರಾವ್ ಖೋಟ್ಕರ್ ಪ್ರಕರಣದಲ್ಲಿ ಹೇಳಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಆ ಜಾಗಕ್ಕೆ 63ನೇ ಕಲಮು ಬಂದಿದೆ. ಅಂದರೆ ಮನುಷ್ಯರೊಬ್ಬರು ಮುಂದೆ ಬಂದು ತಮ್ಮ ಹೆಸರಿನಲ್ಲಿ ಹೊಣೆ ಹೊರಬೇಕು. ಕಾಲೇಜಿನ ಗುಮಾಸ್ತರು ಹುಡುಗಿಯ ಆದಾಯವನ್ನು ಊರಲ್ಲಿ ಆಡಿಕೊಳ್ಳುವುದನ್ನು ಯಾವ ಸಹಿಯೂ ತಡೆಯದು. ಆಗ ಅದು ಆ ಗುಮಾಸ್ತರ ಮಾತಾಗಿ ಉಳಿಯುತ್ತದೆ, ತಹಸೀಲ್ದಾರರ ಮೊಹರು ಹೊತ್ತ ಮಾತಾಗುವುದಿಲ್ಲ. ಚಾಡಿಗೂ ದಾಖಲೆಗೂ ಇರುವ ಅಂತರ ಸಣ್ಣದಲ್ಲ.

ತಾಂತ್ರಿಕ ಬಿರುಕುಗಳೂ ಇವೆ. ಪಡೆದವರ ಗುಟ್ಟಿನ ಕೀಲಿ ನಿಜವಾಗಿ ಅವರ ಕೈಯಲ್ಲೇ ಇರಬೇಕು. ಯಾರೂ ತೆರೆಯಲಾಗದ ಯಂತ್ರದೊಳಗೆ ಕೀಲಿಯನ್ನು ಮುಚ್ಚಿ, ‘ನಮ್ಮಿಂದ ತಯಾರಿಸಲು ಸಾಧ್ಯವೇ ಇರಲಿಲ್ಲ’ ಎಂದು ಸಂಸ್ಥೆಯೊಂದು ಸಾಧಿಸಿಬಿಟ್ಟರೆ ಪರಿಶೇಷದ ತರ್ಕ ಮೂರನೆಯವರಿಗೂ ದಕ್ಕುತ್ತದೆ, ಸಹಿ ಮತ್ತೆ ಬಹಿರಂಗವಾಗುತ್ತದೆ. ಪತ್ರ ತಲುಪುವ ಮೊದಲೇ ದಾರಿಯಲ್ಲಿ ಹಿಡಿದವರಿಗೂ ಪಡೆಯಬೇಕಾದವರು ಇನ್ನೂ ಏನೂ ಮಾಡಿಲ್ಲವೆಂದು ಗೊತ್ತಿರುತ್ತದೆ. ಅದಕ್ಕೆಂದೇ ಪಡೆಯುವವರ ಗುಟ್ಟಿನ ಕೀಲಿಯಿಲ್ಲದೆ ಪರೀಕ್ಷಿಸಲಾಗದ ಇನ್ನೂ ಬಿಗಿಯಾದ ಬಗೆಗಳನ್ನು ಆಮೇಲೆ ಕಟ್ಟಿದ್ದಾರೆ. ಇವು ಎಂಜಿನಿಯರುಗಳು ಸರಿಪಡಿಸುವ ದೋಷಗಳು.

ಸರಿಪಡಿಸಬೇಕಾದ ಇನ್ನೊಂದು ಇರುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ. ಪಹಣಿಗೆ, ಹಕ್ಕುಪತ್ರಕ್ಕೆ, ಬೆಳೆ ಒಪ್ಪಂದಕ್ಕೆ 3ನೇ ಕಲಮಿನ ‘ಯಾವ ವ್ಯಕ್ತಿಯಾದರೂ’ ಹಾಗೆಯೇ ಇರಲಿ. ಜಾತಿ, ಆದಾಯ, ಅಂಗವಿಕಲತೆ, ಕಾಯಿಲೆ ಹೇಳುವ ಪತ್ರಗಳಿಗೆ ಪತ್ರದಾರರೇ ಆರಿಸಿದವರಿಗೆ ಮಾತ್ರ ಸಾಕ್ಷಿಯಾಗುವ ಪ್ರತಿಯನ್ನೂ ಕಾನೂನು ಮಾನ್ಯ ಮಾಡಬೇಕು, ಅಂಥ ಪ್ರತಿ ಸಾಲದು ಎಂದು ಕಾಲೇಜು, ಬ್ಯಾಂಕುಗಳು ತಿರಸ್ಕರಿಸದಂತೆ ನೋಡಿಕೊಳ್ಳಬೇಕು. ಪ್ರಯೋಗಕ್ಕೆ ಚಾಮರಾಜನಗರದಂಥ ಜಿಲ್ಲೆ ಸಾಕು: ತಾಲ್ಲೂಕು ಐದೇ, ಸೋಲಿಗರ ಪೋಡಿನ ಮಕ್ಕಳಿಂದ ಹಿಡಿದು ಪಟ್ಟಣದ ಹಾಸ್ಟೆಲಿನವರವರೆಗೆ ಈ ಪತ್ರಗಳನ್ನು ಹೊತ್ತು ತಿರುಗುವವರು ಅಲ್ಲಿ ಎಲ್ಲ ಬಗೆಯವರೂ ಇದ್ದಾರೆ.